ನಮ್ಮ ಮಾವ ಗೆದ್ದ ಪರೀಕ್ಷೆ

ನಮ್ಮ ಮಾವ ಸದಾಶಿವಪ್ಪನವರ ಬಗ್ಗೆ ಒಳ್ಳೆಯ ಮಾತು ಬೇಕಿದ್ದರೆ ಸತ್ತೇಗಾಲದಲ್ಲಿ ಯಾರನ್ನಾದರೂ ಕೇಳಿ, ನನ್ನನ್ನು ಮಾತ್ರ ಕೇಳಬೇಡಿ. ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯನ ತಟ್ಟೆಗೆ ಮುದ್ದೆ ಹಾಕುತ್ತಿರುವವಳು ನಾನು. ಊರಿನವರ ಕಣ್ಣಿಗೆ ಅವರು ಎಲ್ಲೂ ಸೋಲದ ಗಂಡಸು. ಹೇಗೆ ಸೋಲುವುದಿಲ್ಲ ಎಂಬುದು ನನಗೆ ಗೊತ್ತು.

ನನ್ನ ತವರು ಯಳಂದೂರು. ಗಂಡಿನ ಮನೆ ನೋಡಲು ನಮ್ಮಪ್ಪ ಬಂದ ದಿನ ಇವರ ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು ಕಟ್ಟಿದ್ದವಂತೆ. ಅಪ್ಪ ಮರುಳಾಗಿ ಅಲ್ಲೇ ಮಾತು ಕೊಟ್ಟು ಬಂದರು. ಮದುವೆ ಮುಗಿದ ಮೇಲೆ ನಾನು ಸಗಣಿ ಬಾಚಲು ಹೋದರೆ ಅಲ್ಲಿದ್ದದ್ದು ಒಂದೇ ಹಸು, ಅದೂ ಗೊಡ್ಡು. ಮಿಕ್ಕವೆಲ್ಲ ಪಕ್ಕದ ಮನೆ ಸಿದ್ದಮಲ್ಲಪ್ಪನವು. ಕೇಳಿದರೆ ಮಾವ ಮೀಸೆಯಲ್ಲೇ ನಕ್ಕರು. “ಎಣ್ಣು ಬಂತಲ್ಲ, ಗೆದ್ದಂಗೇ ತಾನೆ?” ಭತ್ತದ ಬೆಳೆಗೆ ಬಹುಮಾನ ಕೊಡುತ್ತೇವೆಂದು ಯಾರೋ ಬಂದಾಗಲೂ ಅಷ್ಟೆ, ತಮ್ಮನ ಗದ್ದೆಯ ತೆನೆ ಕೊಯ್ದು ತನ್ನದೆಂದು ತೋರಿಸಿದರು. ಆಗ ಹೊದಿಸಿದ ಶಾಲು ಇವತ್ತಿಗೂ ನಡುಮನೆಯ ಗೋಡೆಯ ಮೇಲಿದೆ.

ಇಂಥವರ ಮನೆಯಲ್ಲಿ ನನ್ನ ದೊಡ್ಡ ಮಗಳು ಸಿಂಧು ಹುಟ್ಟಿದಳು. ಒಮ್ಮೆ ಕೇಳಿದ ಕತೆಯನ್ನು ಚೂರೂ ಬಿಡದೆ ಹೇಳುತ್ತಾಳೆ, ಬಾಯಿಲೆಕ್ಕದಲ್ಲಿ ನನ್ನನ್ನೇ ಮೀರಿಸುತ್ತಾಳೆ. ಪುಸ್ತಕ ಬಿಡಿಸಿದರೆ ಮಾತ್ರ ಅವಳ ಕಣ್ಣಿಗೆ ಅಕ್ಷರಗಳು ನಿಂತಲ್ಲಿ ನಿಲ್ಲುವುದಿಲ್ಲ. ಏಳನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದುವಷ್ಟರಲ್ಲಿ ಬೆವರಿಳಿಯುತ್ತದೆ. ಒತ್ತಕ್ಷರ ಬಂತೆಂದರೆ ಮುಗಿಯಿತು. ಅವಳಿಗಿಂತ ಒಂದು ವರ್ಷ ಚಿಕ್ಕವಳು ಮಾದೇವಿ. ಎತ್ತರದಲ್ಲಿ ಅಕ್ಕನ ಸಮ, ಪೇಪರನ್ನು ಗಡಗಡ ಓದಿ ಎಸೆಯುತ್ತಾಳೆ. “ನಾನು ದಡ್ಡಿ ಕಣವ್ವ, ಮುಂದ್ಲ ವರ್ಷ ಇಸ್ಕೂಲ್ಗ ಓಗಲ್ಲ” ಎಂದು ಸಿಂಧು ದಿನಾ ಹೇಳತೊಡಗಿದ್ದಳು.

ಅವಳ ಟೀಚರ್ ರೂಪ ನನ್ನನ್ನು ಶಾಲೆಗೆ ಕರೆಸಿದರು. “ಇವಳು ದಡ್ಡಿಯಲ್ಲ ಮಹಾಲಕ್ಷ್ಮಮ್ಮ, ಓದೋದ್ರಲ್ಲಿ ಏನೋ ತೊಡಕಿದೆ. ಮೈಸೂರಿಂದ ಒಬ್ರು ಮೇಡಂ ತಿಂಗಳಿಗೊಂದ್ಸಲ ಕೊಳ್ಳೇಗಾಲಕ್ಕೆ ಬರ್ತಾರೆ. ಮಕ್ಕಳ ಕಲಿಕೆ ಪರೀಕ್ಷೆ ಮಾಡ್ತಾರೆ. ತೊಡಕು ಏನು ಅಂತ ಗೊತ್ತಾದ್ರೆ ನಾವು ಬೇರೆ ಥರ ಕಲಿಸಬಹುದು” ಎಂದರು. ನನಗೆ ಬೇಕಾಗಿದ್ದದ್ದೂ ಇಷ್ಟೇ. ತಿಳಿದವರು ಯಾರಾದರೂ ನನ್ನ ಮಗಳ ಮುಖ ನೋಡಿ, ನೀನು ದಡ್ಡಿಯಲ್ಲ ಎಂದು ಹೇಳಬೇಕಿತ್ತು. ನನ್ನ ಮಾತನ್ನು ಅವಳು ನಂಬುವುದನ್ನು ಬಿಟ್ಟಿದ್ದಳು.

ಮನೆಯಲ್ಲಿ ಹೇಳಿದ್ದೇ ತಡ, ಮಾವ ಹಾರಿಬಿದ್ದರು. “ನಮ್ ವಂಶ್ದಲ್ಲಿ ಯಾರ್ಗೂ ತಲ ಕೆಟ್ಟಿಲ್ಲ. ತಲ ಪರೀಕ್ಷ ಮಾಡ್ಸ್ಕಂಡೋಳು ಅಂತ ಗೊತ್ತಾದ್ರ ನಾಳ ಎಣ್ ಕೇಳಕ್ಕ ಯಾರ್ ಬಂದಾರು?”

“ಯಾರಾದ್ರೂ ಬಂದಾಗ ಪಕ್ಕದ್ ಮನೆ ಸೀಮೆ ಅಸ ಕಟ್ಟಿ ತೋರ್ಸಿ ಮಾವ” ಎಂದೆ.

ಅವರು ತಟ್ಟೆ ನೂಕಿ ಎದ್ದರು. ನನ್ನ ಗಂಡ ಶಾಂತರಾಜು ಹಾಲಿನ ವ್ಯಾನ್ ಓಡಿಸುತ್ತಾನೆ, ಅಪ್ಪನೆದುರು ಬಾಯಿ ಬಿಡುವುದು ಊಟಕ್ಕೆ ಮಾತ್ರ. ಅವತ್ತೂ ಊಟ ಮಾಡಿದ. ಆಮೇಲೆ ಮಾವ ನನ್ನ ಜೊತೆ ಮಾತು ಬಿಟ್ಟರು, ನಾನೂ ಬಿಟ್ಟೆ.

ಹಾಗಿದ್ದವರು ಒಂದು ಬೆಳಿಗ್ಗೆ ಶರ್ಟು ಹಾಕಿಕೊಂಡು ಬಂದು, “ನಾನೇ ಕರ್ಕಂಡೋಯ್ತೀನಿ, ಆ ಮೇಡಮ್ಮು ಇವತ್ತೇ ಬರಾದಂತೆ” ಎಂದರು. ಅವತ್ತು ನಮ್ಮ ಗದ್ದೆಯಲ್ಲಿ ನಾಟಿ. ಆಳುಗಳ ಅಡುಗೆ ಬಿಟ್ಟು ನಾನು ಕದಲುವಂತಿರಲಿಲ್ಲ. ಮಾದೇವಿಯೂ ಜಡೆಗೆ ಟೇಪು ಕಟ್ಟಿಕೊಂಡು ಹೊರಟಿದ್ದಳು. ಪೇಟೆ ನೋಡುವ ಆಸೆ ಇರಬೇಕೆಂದು ಸುಮ್ಮನಾದೆ.

ಸಂಜೆ ಮಾವ ಮೈಸೂರುಪಾಕಿನ ಡಬ್ಬಿ ಹಿಡಿದು ಬಸ್ಸಿಳಿದರು. “ನಮ್ ಸಿಂಧುಗ ಏನೂ ಇಲ್ಲ. ಓದಾದ್ ಕೇಳಿ ಮೇಡಮ್ಮೇ ಬೆರಗಾದ್ರು!” ಬೀದಿಗೆಲ್ಲ ಹಂಚಿದರು. ಮಾದೇವಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೆ? ಒಳಗೆ ಓಡಿಬಂದು ನನ್ನ ಕಿವಿಗೆ ಬಾಯಿಟ್ಟಳು. “ನಾನೇ ಕಣವ್ವ ಓದಿದ್ದು! ನಿನ್ ಎಸ್ರು ಸಿಂಧು ಅಂತ ಏಳು ಅಂದ ತಾತ. ಅಕ್ಕ ಆಚ್ಗ ಬೆಂಚ್ ಮೇಲ ಕೂತ್ಕಂಡು ಬನ್ ತಿಂತಿದ್ಲು.”

ಡಬ್ಬಿ ಕಿತ್ತುಕೊಂಡು ಹೋಗಿ ಹಸುವಿನ ಕಲಗಚ್ಚಿನ ಬಾನಿಗೆ ಸುರಿದೆ.

“ಪರೀಕ್ಷ ಅಂದ್ಮೇಲ ಗೆಲ್ಬೇಕು!” ಮಾವ ಬೀದಿಗೆ ಕೇಳುವಂತೆ ಕೂಗಿದರು. “ಸೋಲ್ಸಕ್ಕ ಕರ್ಕಂಡೋಗ್ಲಾ ನನ್ ಮೊಮ್ಮಗಳ್ನ?”

“ಅದು ಗೆಲ್ಲಾ ಪರೀಕ್ಷ ಅಲ್ಲ ಮಾವ! ಕಾಲ್ನೋವು ಅಂತ ಡಾಕ್ಟ್ರತ್ರ ಓಗಿ ಪಕ್ಕದ್ ಮನೆಯವನ್ ಕಾಲ್ ತೋರ್ಸ್ತೀರಾ?”

ಉತ್ತರವಿಲ್ಲದಾಗ ಅವರ ದನಿ ಇನ್ನೂ ಏರುತ್ತದೆ.

ಸಿಂಧು ಅಳಲಿಲ್ಲ. ಒಲೆಯ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. “ನನ್ ಕೈಲಾಗಲ್ಲ ಅಂತ ತಾತಂಗೂ ಗೊತ್ತು ಕಣವ್ವ” ಎಂದಳು. ಹುಟ್ಟಿದಾಗಿನಿಂದ ಆ ಮನುಷ್ಯನ ಹೆಗಲ ಮೇಲೆ ಬೆಳೆದ ಕೂಸು. ಊರೆಲ್ಲ ದಡ್ಡಿ ಅಂದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ, ತಾತನೂ ಹಾಗೇ ಅಂದುಕೊಂಡಿದ್ದಾನೆ ಎಂಬುದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಆ ಗಳಿಗೆಯಲ್ಲಿ ಅವರನ್ನು ಮನಸಾರೆ ಶಪಿಸಿದೆ. ಆ ಶಾಪವನ್ನು ಇನ್ನೂ ವಾಪಸು ತೆಗೆದುಕೊಂಡಿಲ್ಲ.

ಮುಂದಿನ ತಿಂಗಳು ಸಿಂಧುವನ್ನು ನಾನೇ ಹೊರಡಿಸಿದೆ. ನಾವು ಹತ್ತಿದ ಬಸ್ಸನ್ನೇ ಮಾವನೂ ಹತ್ತಿ, ಮುಂದಿನ ಸೀಟಿನಲ್ಲಿ ಬೆನ್ನು ಕೊಟ್ಟು ಕೂತರು. ಕೊಳ್ಳೇಗಾಲದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಮೇಡಂ ರೂಮು. “ಸಿಂಧು ಅನ್ನೋ ಹುಡುಗೀನ ಹೋದ ತಿಂಗಳೇ ನೋಡಿದ್ನಲ್ಲ” ಎಂದು ಅವರು ಹುಬ್ಬೇರಿಸಿದರು. ನಡೆದದ್ದನ್ನು ಹೇಳಿದೆ. ನನಗೇ ಮಾನ ಹೋದಂತಾಯಿತು.

“ಸುಳ್ಳು ಮೇಡಂ” ಎಂದರು ಮಾವ, ಬಾಗಿಲಲ್ಲಿ ನಿಂತು. “ಅವತ್ ಬಂದಿದ್ದೂ ಇದೇ ಕೂಸು. ನಮ್ ಸೊಸ್ಗ ನನ್ ಕಂಡ್ರ ಆಗಲ್ಲ, ಅದ್ಕ ಇಲ್ಲುದ್ದೆಲ್ಲ ಏಳ್ತಾಳ.”

ನನಗೆ ಅವರನ್ನು ಕಂಡರೆ ಆಗುವುದಿಲ್ಲ ಎಂಬುದೊಂದು ನಿಜ.

ಮೇಡಂ ವಾದಕ್ಕಿಳಿಯಲಿಲ್ಲ. ಒಂದು ಹಾಳೆಯನ್ನು ಸಿಂಧುವಿನ ಮುಂದಿಟ್ಟು, “ನಿಧಾನಕ್ಕೆ ಓದು ಪುಟ್ಟಿ” ಎಂದರು. ಸಿಂಧು ಬೆರಳಿಟ್ಟಳು. ಮೊದಲ ಪದ ಕೂಡಿಸಿದಳು, ಬಿಟ್ಟಳು, ಮತ್ತೆ ಹಿಂದಕ್ಕೆ ಬಂದಳು. ಮೂಗಿನ ಕೆಳಗೆ ಬೆವರು ಮೂಡಿತು. ಸಾಲು ಮುಗಿಯಲಿಲ್ಲ. ಮೊಮ್ಮಗಳು ಓದುವುದನ್ನು ಮಾವ ಎದುರು ನಿಂತು ಎಂದೂ ಕೇಳಿದವರಲ್ಲ. ಒಮ್ಮೆಲೇ ಒಳಗೆ ನುಗ್ಗಿದರು.

“ಬುಡವ್ವ, ಸಾಕು ಬುಡು! ಅವತ್ ಓದಿದ್ದು ಇದ್ರ ತಂಗಿ ಮೇಡಂ, ನಾನೇ ಕರ್ಕಂಡ್ ಬಂದಿದ್ದು. ಎಲ್ರ ಎದ್ರುಗ ಮಗೀನ ಯಾಕ ಸೋಲುಸ್ತೀರಿ?”

ಪಶ್ಚಾತ್ತಾಪವೆಂದು ಯಾರೂ ಭಾವಿಸಬೇಡಿ. ತನ್ನ ಮನೆಯ ಕೂಸು ಸೋಲುವುದನ್ನು ಅವರಿಂದ ನೋಡಲಾಗಲಿಲ್ಲ, ಅಷ್ಟೆ. ಸಿಂಧುವಿನ ತೋಳು ಹಿಡಿದು ಎಬ್ಬಿಸಲು ಹೋದರು.

ಅವಳು ತೋಳು ಬಿಡಿಸಿಕೊಂಡಳು. ಬೆರಳನ್ನು ಹಾಳೆಯಿಂದ ಎತ್ತಲಿಲ್ಲ.

“ತಾತ, ನೀನು ಆಚ್ಗ ಓಗಿ ಕೂತ್ಕ. ನಾನೇ ಓದ್ತೀನಿ.”

ಮಾವ ನನ್ನ ಮುಖ ನೋಡಿದರು. ನಾನು ಬಾಗಿಲು ತೆರೆದು ಹಿಡಿದೆ. ಅವರು ಹೋದ ಮೇಲೆ ಬಾಗಿಲು ಹಾಕಿದೆ.

ಒಳಗೆ ಬಹಳ ಹೊತ್ತು ಹಿಡಿಯಿತು. ಓದಿಸಿದರು, ಬರೆಸಿದರು, ಲೆಕ್ಕ ಕೇಳಿದರು, ಚಿತ್ರ ಜೋಡಿಸಲು ಕೊಟ್ಟರು. ಕೊನೆಗೆ ಮೇಡಂ ನನ್ನನ್ನು ಬಿಟ್ಟು ಸಿಂಧುವನ್ನೇ ನೋಡುತ್ತ, “ನೀನು ದಡ್ಡಿ ಅಲ್ಲಮ್ಮ. ನಿನ್ನ ಬುದ್ಧಿ ಚುರುಕಾಗೇ ಇದೆ. ಅಕ್ಷರ ಹಿಡಿಯೋದು ಮಾತ್ರ ನಿನಗೆ ಕಷ್ಟ, ಅದಕ್ಕೆ ಬೇರೆ ದಾರಿ ಇದೆ” ಎಂದರು.

“ಇನ್ನೊಂದ್ಸಲ ಏಳಿ” ಎಂದಳು ಸಿಂಧು.

ಮೇಡಂ ಇನ್ನೊಂದು ಸಲ ಹೇಳಿದರು. ನನ್ನ ಕಣ್ಣು ತುಂಬಿಬಂದು ನಾನು ಗೋಡೆಯ ಕಡೆ ತಿರುಗಿದೆ.

ಆಚೆ ಬಂದಾಗ ಮಾವ ಬೆಂಚಿನ ಮೇಲೆ ಟವೆಲು ಹಿಂಡುತ್ತ ಕೂತಿದ್ದರು. “ಅವತ್ ನಾನ್ ಕೂತಿದ್ದು ಇದೇ ಬೆಂಚು ಕಣವ್ವ” ಎಂದಳು ಸಿಂಧು ಮೆಲ್ಲಗೆ. ಮಧ್ಯಾಹ್ನ ಜಾರಿತ್ತು, ಅವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬೇಕರಿ ಎದುರಿಗೇ ಇತ್ತು. ನಾನು ಬನ್ನು ತರಲಿಲ್ಲ.