ಸೋಮವಾರ ಎತ್ತು ಹೂಡಿದ ನೀಲವ್ವ

ಮಧ್ಯಾಹ್ನ ಮೂರೂವರೆಗೆ ಒಳಗಿನಿಂದ ಅವ್ವ ಚೀರಿದಳು: "ರಕ್ತ ನಿಲ್ಲವಲ್ಲದು!" ನಾವು ಹೊರಗೆ ಮುಖ ಮುಖ ನೋಡುತ್ತಿರುವಾಗಲೇ ಎದುರು ಮನೆಯ ನೀಲವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಓಣಿಯ ನಡುವೆ ತನ್ನ ಎತ್ತುಗಳನ್ನು ಚಕ್ಕಡಿಗೆ ಹೂಡತೊಡಗಿದ್ದಳು. ಅಂದು ಸೋಮವಾರ, ಬಸವಣ್ಣನ ವಾರ. ಹುನಗುಂದ ತಾಲೂಕಿನ ನಮ್ಮೂರಿನಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರನ್ನು ನಾನು ಕಂಡಿರಲಿಲ್ಲ.

ಬಾದಾಮಿಗೆ ಕೊಟ್ಟಿದ್ದ ನನ್ನ ತಂಗಿ ಶಶಿಕಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ಅಳುತ್ತಿತ್ತು. ಆದರೆ ಕೂಸಿನ ಹಿಂದೆ ಬೀಳಬೇಕಾದ ಮಾಸು ಬಿದ್ದಿರಲಿಲ್ಲ. ಊರಿಗೆ ನೇಮಕವಾಗಿದ್ದ ನರ್ಸಬಾಯಿ ಇರುತ್ತಿದ್ದುದು ಇಳಕಲ್ಲಿನಲ್ಲಿ, ಇಲ್ಲಿ ಅವರಿಗೆ ಮನೆಯಿರಲಿಲ್ಲ. ಬಸ್ಸು ಹೋಗಿಯಾಗಿತ್ತು. ಊರಿನ ಒಂದೇ ಟ್ರ್ಯಾಕ್ಟರು ಮಂದಿಯನ್ನು ತುಂಬಿಕೊಂಡು ಕೂಡಲಸಂಗಮಕ್ಕೆ ಹೋಗಿತ್ತು.

"ನೀಲವ್ವ, ಸೋಮವಾರ ಐತಿ..." ಎಂದ ಅಪ್ಪ. ದನಿಯಲ್ಲಿ ಗಟ್ಟಿತನವಿರಲಿಲ್ಲ.

"ನಿನ್ನ ಎತ್ತು ಮಲಕ್ಕೊಳ್ಳಲಿ ಅಣ್ಣಾ. ನನ್ನವು ಪಾಪ ಕಟ್ಟಿಕೊಳ್ತಾವ." ಆಮೇಲೆ ನನ್ನತ್ತ ತಿರುಗಿದಳು. ನಾನು ಬಾಗಲಕೋಟೆಯಲ್ಲಿ ಓದಿ ಬಂದ ಮೇಲೆ ಆಕೆ ನನ್ನನ್ನು ಕರೆಯುತ್ತಿದ್ದುದು ಹೀಗೆಯೇ: "ಏ ಬಿ.ಎ. ತಮ್ಮಾ, ಕಂಬ ನಿಂತಂಗ ನಿಂದರಬ್ಯಾಡ. ಚಕ್ಕಡಿ ಹತ್ತು, ತಲಿ ಹಿಡಕೊ. ನಿಂದಲ್ಲ, ತಂಗೀದು!"

ಇಳಕಲ್ಲಿನ ದಾರಿಯಲ್ಲಿ ಶಶಿ "ಅಣ್ಣಾ, ಥಂಡಿ ಆಗಾಕತ್ತೈತಿ" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅಂದಳು. ಆಮೇಲೆ ಅನ್ನಲಿಲ್ಲ. ಆಕೆ ಸುಮ್ಮನಾದ ಆ ಗಳಿಗೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಊಟ ಮಾಡುವಾಗ, ಪಾಠ ಹೇಳುವಾಗ ಸುಳಿವಿಲ್ಲದೆ ಬಂದು ನಿಲ್ಲುತ್ತದೆ. ಹಾಸಿದ ಕೌದಿಯನ್ನು ತೋಯಿಸಿ ರಕ್ತ ಕೆಳಗಿನ ಜೋಳದ ಕಣಕಿಗೂ ಇಳಿದಿತ್ತು. ನೀಲವ್ವ ಹಿಂತಿರುಗಿ ನೋಡಲಿಲ್ಲ. ಎತ್ತುಗಳನ್ನೂ ಊರ ಹಿರಿಯರನ್ನೂ ಸರಕಾರವನ್ನೂ ಒಂದೇ ಉಸಿರಿನಲ್ಲಿ ಬೈಯುತ್ತ ಚಕ್ಕಡಿ ಓಡಿಸಿದಳು. ದವಾಖಾನೆಯಲ್ಲಿ ಮಾಸು ತೆಗೆದರು, ನನ್ನ ರಕ್ತ ಹಾಕಿದರು. ತಂಗಿ ಉಳಿದಳು.

ಹಿರಿಯರು ನೀಲವ್ವನನ್ನು ಗುಡಿಗೆ ಕರೆಸಿ, ತಪ್ಪು ಒಪ್ಪಿಕೊಂಡು ಕಾಯಿ ಒಡೆಸು ಎಂದರು. "ಬಸವಣ್ಣನೇ ಬಂದು ಕೇಳಲಿ, ಒಡಸ್ತೇನಿ" ಎಂದು ಎದ್ದು ಬಂದಳು. ಆ ಸುಗ್ಗಿಯಲ್ಲಿ ಆಕೆಯ ಕಣಕ್ಕೆ ಒಬ್ಬರೂ ಮುಯ್ಯಾಳಾಗಿ ಕೆಲಸಕ್ಕೆ ಹೋಗಲಿಲ್ಲ. ಅಪ್ಪ ಮಾತ್ರ ಹೋದ. "ಬಂದಿಯೇನಪಾ ಪಾಪದ ಪಾಲುದಾರ?" ಎಂದು ನಕ್ಕು ಅವನ ಕೈಗೆ ಮೊರ ಕೊಟ್ಟಳಂತೆ.

ಗಂಡ ತೀರಿದ ಮೇಲೆ ಹೊಲ ತಾನೇ ನೋಡಿಕೊಂಡ ಹೆಂಗಸು ಆಕೆ. ಎಂಬತ್ತೇಳನೇ ಇಸವಿಯಲ್ಲಿ ಮಂಡಲ ಪಂಚಾಯ್ತಿಗಳು ಬಂದು ಹೆಂಗಸರಿಗೆ ಜಾಗ ಮೀಸಲಾದಾಗ, ಹೆಬ್ಬೆಟ್ಟು ಒತ್ತಿ ಸುಮ್ಮನಿರುತ್ತಾಳೆ ಎಂದು ಹಿರಿಯರೇ ಆಕೆಯನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ್ದರು. ಆಕೆ ಹೆಬ್ಬೆಟ್ಟು ಒತ್ತುತ್ತಿದ್ದಳು, ಸುಮ್ಮನಿರುತ್ತಿರಲಿಲ್ಲ. ಯಾರಾದರೂ "ಮಾಡೋಣಂತ" ಎಂದರೆ ಸಾಕು, "ಬಾಯಿಲೆ ಬ್ಯಾಡ್ರಿ, ಠರಾವು ಬರೀರಿ" ಎನ್ನುತ್ತಿದ್ದಳು.

ಶಶಿ ಗುಣವಾಗಿ ಮಗುವಿನೊಂದಿಗೆ ಬಾದಾಮಿಗೆ ಹೋದ ಮೇಲೆ ನಡೆದ ಸಭೆಗೆ ನನ್ನನ್ನೂ ಎಳೆದುಕೊಂಡು ಹೋದಳು. ನರ್ಸಬಾಯಿ ಊರಲ್ಲೇ ಇರಬೇಕು, ಹೆರಿಗೆ ಕಷ್ಟವಾದರೆ ಯಾವ ವಾರವಾದರೂ ಗಾಡಿ ಹೊರಡಬೇಕು ಎಂಬುದು ಆಕೆಯ ಠರಾವು.

"ಹಡಿಯೂದು ಮನಿಯೊಳಗಿನ ವಿಷಯ, ನೀಲವ್ವ" ಎಂದರು ಮಂಡಲದ ಪ್ರಧಾನರು.

"ಹಂಗಾರ ಸತ್ತಾಗ ಹೊರಾಕ ಊರ ಯಾಕ ಬರತೈತ್ರಿ?"

ಪ್ರಧಾನರು ಮಾತು ತಿರುಗಿಸಿ, ನರ್ಸಬಾಯಿಗೆ ಕೊಡಲು ಮನೆಯೇ ಇಲ್ಲವಲ್ಲ ಎಂದರು.

"ನನ್ನ ಮನಿ ಮುಂದಿನ ಖೋಲಿ ಬರಕೊಳ್ರಿ. ಬಾಡಿಗಿ ಪಂಚಾಯ್ತಿ ಕೊಡಬೇಕು."

"ಊರ ಉಪಕಾರಕ್ಕ ಪುಕ್ಕಟಿ ಕೊಡವಾ!" ಎಂದರು ಪ್ರಧಾನರು.

"ಪುಕ್ಕಟಿ ಕೊಟ್ರ ಅದು ನೀಲವ್ವನ ಉಪಕಾರ ಆಗತೈತಿ. ನಾ ಸತ್ತ ಮರುದಿನ ಅದೂ ಸಾಯ್ತೈತಿ. ಬಾಡಿಗಿ ಕೊಟ್ರ ಕಾಯ್ದೆ ಆಗತೈತ್ರಿ. ಬರೀರಿ."

ದುಡ್ಡಿನಾಸೆಯ ಹೆಂಗಸು ಎಂದು ಊರು ಆಡಿಕೊಂಡಿತು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಠರಾವು ಆಯಿತು, ನರ್ಸಬಾಯಿ ಬಂದರು.

ಮುಂದಿನ ವರ್ಷ ಮಳೆಗಾಲದಲ್ಲಿ ನೀಲವ್ವ ಜ್ವರದಿಂದ ತೀರಿಕೊಂಡಳು. ಕೊನೆಯ ಸಲ ನೋಡಲು ಹೋದಾಗ, ಗೋಡೆಯಾಚೆ ನರ್ಸಬಾಯಿ ಯಾರಿಗೋ ಗದರುತ್ತಿದ್ದರು. "ಕೇಳು, ನನಗಿಂತ ಜೋರ ಅದಾಳ" ಎಂದು ನೀಲವ್ವ ಹೆಮ್ಮೆಯಿಂದ ಹುಬ್ಬು ಹಾರಿಸಿದಳು.

ದಿನಕರ್ಮ ಮುಗಿದ ಮೇಲೆ ಆಕೆಯ ಹಿರಿಮಗ ಖೋಲಿ ಬಿಡಿಸಿಕೊಳ್ಳಲು ಪಂಚಾಯ್ತಿಗೆ ಹೋದ. "ಬರಂಗಿಲ್ಲೋ ತಮ್ಮಾ. ಬಾಡಿಗಿ ಹೊಂಟೈತಿ, ಠರಾವು ಐತಿ. ನಿಮ್ಮವ್ವ ನಮ್ಮ ಕೈ ಕಟ್ಟಿ ಹೋಗ್ಯಾಳ" ಎಂದರು ಅದೇ ಪ್ರಧಾನರು.

ಆ ಚಳಿಗಾಲದಲ್ಲಿ ಶಶಿಗೆ ಮತ್ತೆ ದಿನ ತುಂಬಿತು. ಗಂಡನ ಮನೆಯವರು ಬೇಡವೆಂದರೂ ನಮ್ಮೂರಿಗೇ ಬಂದಳು. ಒಂದು ಮುಂಜಾನೆ ನೋವು ಶುರುವಾಯಿತು. ನರ್ಸಬಾಯಿ ಓಣಿ ದಾಟಿ ಬಂದರು, ಅಷ್ಟೇ ದೂರ. ಮಾಸು ಬಿತ್ತೇ ಎಂದು ನಾನು ಬಾಗಿಲ ಹೊರಗಿನಿಂದ ಮತ್ತೆ ಮತ್ತೆ ಕೇಳಿದೆ.

"ಬಿತ್ರಿ! ಪೂರಾ ಬಿತ್ತು. ನಿಮ್ಮ ಕಾಟಾನೂ ಬೀಳಲಿ, ಹೋಗ್ರಿ ಅತ್ಲಾಗ."

ಆ ಸೋಮವಾರದಿಂದ ರಾತ್ರಿ ಎದ್ದು ಕೂಡುವುದು ನನಗೆ ಚಾಳಿಯಾಗಿತ್ತು. ಅಪ್ಪನೂ ಕತ್ತಲಲ್ಲಿ ಕುಳಿತಿರುತ್ತಿದ್ದ. ಅಂದು ಹೊತ್ತು ಮುಳುಗುತ್ತಲೇ ಮಲಗಿದವನು, ಕೂಸು ಅತ್ತದ್ದೂ ಗೊತ್ತಾಗದೆ, ಬಿಸಿಲು ಮುಖಕ್ಕೆ ಬಿದ್ದಾಗ ಎದ್ದೆ. ಪಕ್ಕದ ಹಾಸಿಗೆಯಲ್ಲಿ ಅಪ್ಪ ಇನ್ನೂ ಗೊರಕೆ ಹೊಡೆಯುತ್ತಿದ್ದ.