ಠಾಣೆಯ ಬಾಗಿಲಿಗೆ ಹೋದ ಬುತ್ತಿ

ಧಾರವಾಡದಲ್ಲಿ ನಾವಿರುವ ಓಣಿಯ ಮೂಲೆಗೆ ಹೋದ ತಿಂಗಳು ಒಂದು ರೊಟ್ಟಿ ಕೇಂದ್ರ ಶುರುವಾಯಿತು. ಮೂವರು ಹೆಣ್ಣುಮಕ್ಕಳು ಒಳಗೆ ಕೂತು ರೊಟ್ಟಿ ಬಡಿಯುತ್ತಾರೆ, ಹೊರಗೆ ಒಬ್ಬ ಹುಡುಗಿ ಮಾರುತ್ತಾಳೆ. ಪಾಠ ಮುಗಿಸಿ ಕಾಲೇಜಿನಿಂದ ಬರುವಾಗ ಆ ತಿರುವಿಗೆ ಬಂದರೆ ಸಾಕು, ಹಂಚಿನ ಮೇಲೆ ಅಂಚು ಕೊಂಚ ಸೀದ ಜೋಳದ ರೊಟ್ಟಿಯ ವಾಸನೆ ಬರುತ್ತದೆ. ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಹುಡುಗಿ “ಎಷ್ಟು ಕಟ್ಟಲ್ರಿ ಮೇಡಂ?” ಅನ್ನುತ್ತಾಳೆ. ಅಷ್ಟು ಹೊತ್ತು ನಿಂತು ಸುಮ್ಮನೆ ಹೋಗಲು ನಾಚಿಕೆಯಾಗಿ ಕಟ್ಟಿಸಿಕೊಂಡು ಬರುತ್ತೇನೆ. ಮನೆಯಲ್ಲಿ ರೊಟ್ಟಿ ಒಟ್ಟಿಬಿಟ್ಟಿದೆ. ನಮ್ಮ ಯಜಮಾನರು ಪಾಪ, ಕಾರಣ ಕೇಳದೆ ಮೂರು ಹೊತ್ತೂ ಅದನ್ನೇ ತಿನ್ನುತ್ತಿದ್ದಾರೆ.

ನನಗೆ ಆ ವಾಸನೆ ಎಂದರೆ ಹುಬ್ಬಳ್ಳಿಯ ನಮ್ಮ ಬಾಜೂಮನೆಯ ಅವ್ವ. ದುರ್ಗದಬೈಲಿನ ಹಿಂದಿನ ಇಕ್ಕಟ್ಟಿನ ಓಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಅವ್ವ ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಟ್ಟು ಇದ್ದೊಬ್ಬ ಮಗಳನ್ನು ಬೆಳೆಸಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ರೈತರ ಮನೆಗೆ ಕೊಟ್ಟಿದ್ದಳು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಎಲೆ ಅಡಿಕೆಯ ಚೀಲ. ಕೆಲಸದಲ್ಲಿ ಎತ್ತಿದ ಕೈ, ಜಗಳದಲ್ಲೂ ಅಷ್ಟೇ. ನಮ್ಮ ಬಚ್ಚಲ ನೀರು ಅವಳ ಬಾಗಿಲ ಮುಂದೆ ಹರಿಯುತ್ತದೆ ಎಂಬುದು ವರ್ಷಾನುಗಟ್ಟಲೆ ನಡೆದ ಜಗಳ. ನನಗೆ ಬುದ್ಧಿ ಬರುವುದಕ್ಕೆ ಮೊದಲೇ ಅದು ಶುರುವಾಗಿತ್ತಂತೆ.

ನಮ್ಮದು ಮುಸಲ್ಮಾನರ ಮನೆ. ಅಬ್ಬಾ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅಣ್ಣ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವ್ವ ನಮ್ಮಲ್ಲಿ ನೀರು ಕುಡಿಯುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ನಮ್ಮ ಅಮ್ಮಿಯ ಜೊತೆ ತಾಸುಗಟ್ಟಲೆ ಹರಟೆ ಹೊಡೆಯುವಳು. ಚಹಾ ಅಂದರೆ ಮಾತ್ರ “ಈಗ ಕುಡದ ಬಂದೇನವಾ” ಎನ್ನುವಳು. ಯಾವ ಹೊತ್ತಿನಲ್ಲಿ ಕೇಳಿದರೂ ಆಗತಾನೆ ಕುಡಿದೇ ಬಂದಿರುತ್ತಿದ್ದಳು!

ಆದರೆ ಅವಳ ರೊಟ್ಟಿ ನಮ್ಮ ಮನೆಗೆ ಬರುತ್ತಿತ್ತು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಉಳಿದ ದಿನ ಮನಸ್ಸು ಬಂದಾಗ ಜೋಳದ್ದು. ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಕೊಟ್ಟವರ ಅರಿವೆಯನ್ನಾಗಲೀ ಪಾತ್ರೆಯನ್ನಾಗಲೀ ಖಾಲಿ ತಿರುಗಿಸಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ರೂಢಿ. ನಮ್ಮ ಒಲೆಯ ಮೇಲೆ ಬೆಂದದ್ದು ಅವ್ವನಿಗೆ ನಡೆಯುತ್ತಿರಲಿಲ್ಲವಾದ್ದರಿಂದ ಅಮ್ಮಿ ಅರಿವೆಯನ್ನು ಒಗೆದು, ಅದರ ಮೂಲೆಗೆ ಒಂದು ಹಿಡಿ ಶೇಂಗಾ ಅಥವಾ ಒಂದು ಚೂರು ಬೆಲ್ಲ ಗಂಟು ಹಾಕಿಸಿ ಕಳಿಸುತ್ತಿದ್ದಳು. ಏನೂ ಇಲ್ಲದ ದಿನ ನಾಲ್ಕು ಕಾಳು ಜೋಳವಾದರೂ ಆಯಿತು. ಗಂಟು ಹಾಕಿ ಕೊಟ್ಟುಬರುವ ಕೆಲಸ ಚಿಕ್ಕಂದಿನಿಂದಲೂ ಅಣ್ಣನದು. ಮೀಸೆ ಬಂದ ಮೇಲೂ ಅದು ಅವನಿಗೆ ತಪ್ಪಲಿಲ್ಲ.

ನಾನು ಕಾಲೇಜು ಸೇರಿದ ವರ್ಷ ಊರಿನಲ್ಲಿ ಗಲಾಟೆ ಎದ್ದಿತು. ಮೊದಲ ಕಲ್ಲು ಯಾರದು ಎಂಬುದನ್ನು ಇವತ್ತಿಗೂ ಎರಡು ಕಡೆಯವರು ಎರಡು ಥರ ಹೇಳುತ್ತಾರೆ, ನಾನು ಆ ಗೋಜಿಗೆ ಹೋಗುವುದಿಲ್ಲ. ಅಂಗಡಿಗಳು ಸುಟ್ಟವು, ಗೋಲಿಬಾರ್ ಆಯಿತು, ಕರ್ಫ್ಯೂ ಬಿತ್ತು. ಹೊರ ಜಿಲ್ಲೆಗಳಿಂದ ಲಾರಿಗಟ್ಟಲೆ ಪೊಲೀಸರು ಬಂದಿಳಿದರು. ಕಲ್ಲು ಬೀರಿದವರು ಅಷ್ಟೊತ್ತಿಗೆ ಊರು ಬಿಟ್ಟಿದ್ದರು. ಪೊಲೀಸರ ಕೈಗೆ ಸಿಕ್ಕಿದ್ದು ಮನೆಯಲ್ಲಿ ಕೂತವರು.

ಅವತ್ತು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದೆವು. ಬಾಗಿಲ ಚಿಲಕ ಮುರಿದು ಒಳಗೆ ನುಗ್ಗಿದರು. ಏನು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. ಅಬ್ಬಾ ರಿಪೇರಿಗೆಂದು ಗೋಡೆಗೆ ತೂಗುಹಾಕಿದ್ದ ಮಂದಿಯ ಗಡಿಯಾರಗಳನ್ನೆಲ್ಲ ಲಾಠಿಯಿಂದ ಒಡೆದರು. ಅಡ್ಡ ಬಂದ ಅಬ್ಬಾರನ್ನು ದೂಡಿ ಕೆಡವಿದರು. ಅಣ್ಣ ತಲೆಗೆ ಅಡ್ಡ ಹಿಡಿದ ಬಲಗೈಯ ಮೇಲೆ ಪೆಟ್ಟು ಬಿದ್ದ ಸಪ್ಪಳ ನನಗೆ ಇನ್ನೂ... ಇರಲಿ. ಅಮ್ಮಿಗೂ ನನಗೂ ಅವರು ಅಂದ ಮಾತುಗಳನ್ನು ನಾನು ಬರೆಯುವುದಿಲ್ಲ. ಅಣ್ಣನನ್ನು ಕೂದಲು ಹಿಡಿದು ಓಣಿಯುದ್ದಕ್ಕೂ ಎಳೆದುಕೊಂಡು ಹೋದರು. ಅವನ ಎಂಜಲು ತಟ್ಟೆ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಹಾಲು, ಕಾಯಿಪಲ್ಯೆಗೆಂದು ಕರ್ಫ್ಯೂ ಸಡಿಲಿಸಿದಾಗ ಅಬ್ಬಾ ಠಾಣೆಗೆ ಓಡಿದರು. ಅಂಥವನು ಯಾರೂ ಇಲ್ಲಿ ಇಲ್ಲ ಎಂದರು. ಅದರ ಮರುದಿನ ಹೋದಾಗ, ಇನ್ನೊಮ್ಮೆ ಬಂದರೆ ನಿನ್ನನ್ನೂ ಒಳಗೆ ಹಾಕುತ್ತೇವೆ ಎಂದು ಅಟ್ಟಿದರು. ಹಿಂದಿನ ಓಣಿಯಿಂದ ಒಯ್ದಿದ್ದ ಒಬ್ಬನ ಬಗ್ಗೆಯೂ ಹೀಗೇ ‘ಇಲ್ಲ’ ಎಂದಿದ್ದರು. ಆಮೇಲೆ ಅವನ ಮನೆಯವರನ್ನು ಹೆಣದ ಗುರುತು ಹಿಡಿಯಲು ಕರೆಸಿದರು. ಅದು ನಮ್ಮ ಕಿವಿಗೆ ಬಿದ್ದ ಮೇಲೆ ಅಮ್ಮಿ ಮಾತು ಬಿಟ್ಟಳು. ಅಬ್ಬಾರಿಗೆ ಗುರುತಿದ್ದ ವಕೀಲರೊಬ್ಬರು ಒಳ್ಳೆಯವರೇ. ಆದರೆ ಅವರದೂ ಒಂದೇ ಮಾತು: “ಅಂವ ಒಳಗ ಅದಾನ ಅನ್ನೂದಕ್ಕ ಏನರ ಬೇಕಲ್ರಿ. ಮನಿಯವರು ಬಿಟ್ಟು ಬ್ಯಾರೆದವರು ಯಾರರ ಹೇಳಬೇಕು.” ಯಾರು ಹೇಳುತ್ತಾರೆ? ಓಣಿಯಲ್ಲಿ ಕಿಟಕಿ ತೆರೆಯಲೂ ಜನ ಹೆದರುತ್ತಿದ್ದ ದಿನಗಳು ಅವು.

ಆಗ ಅವ್ವ ನಮ್ಮ ಬಾಗಿಲಿಗೆ ಬಂದಳು. ಅವತ್ತು ಕಟ್ಟೆಯ ಮೇಲೆ ಕೂರಲಿಲ್ಲ, ಒಳಗೇ ಬಂದು ಅಮ್ಮಿಯ ಎದುರು ನಿಂತಳು.

“ನಾ ಹೋಗತೇನಿ. ಮೂರು ದಿನಾ ಆತು, ಹುಡುಗ ಏನ್ ತಿಂದಾನೋ ಏನೋ.”

“ಬ್ಯಾಡ್ರಿ ಅವ್ವಾರ, ನಿಮಗೂ ಬಡೀತಾರ” ಎಂದಳು ಅಮ್ಮಿ. ಮಾತು ಬಿಟ್ಟ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

“ಬಡೀಲಿ. ನನ್ನ ಬಾಯಿ ಎಲ್ಲೇ ಹೋಗೇತಿ?”

ಕಾನೂನಿನ ವಿಚಾರ ಅವಳ ತಲೆಯಲ್ಲಿ ಇರಲಿಲ್ಲ. ಹಸಿದ ಹುಡುಗನಿಗೆ ರೊಟ್ಟಿ ಮುಟ್ಟಿಸಬೇಕು, ಅಷ್ಟೇ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಅರಿವೆಯಲ್ಲಿ ಕಟ್ಟಿಕೊಂಡು ಹೋದಳು. ಸಂತೆಗೆ ಹೋಗುವಂತೆ ನನ್ನನ್ನೂ ಜೊತೆಗೆ ಕರೆದುಕೊಂಡಳು. ಹೆಣ್ಣುಮಕ್ಕಳು ಇಬ್ಬರಾದರೆ ಛಲೋ ಎಂದು ಅವಳ ಲೆಕ್ಕ. ನಾನು ತಲೆ ತಗ್ಗಿಸಿ ಗೋಡೆಯ ಬದಿಗೇ ನಡೆದೆ. ಅವಳು ದಾರಿಯುದ್ದಕ್ಕೂ ಬಚ್ಚಲ ನೀರಿನ ವಿಷಯ ಮಾತಾಡುತ್ತ ಬಂದಳು.

ಗೇಟಿನಲ್ಲಿ ಬಂದೂಕು ಹಿಡಿದು ನಿಂತ ಪೊಲೀಸನೂ ಅದೇ ಹಾಡು ಹಾಡಿದ. ಅವ್ವ ಅಲ್ಲೇ ನೆಲಕ್ಕೆ ಕೂತು ಗಂಟಲು ತೆಗೆದಳು. ನಮ್ಮ ಬಾಜೂಮನಿ ಹುಡುಗ, ಉಣ್ಣಾಕ ಕೂತವನನ್ನ ಎಬ್ಬಿಸಿಕೊಂಡು ಬಂದೀರಿ, ಕೊಲೆ ಮಾಡಿದವಗೂ ಸರ್ಕಾರ ಕೂಳು ಹಾಕತೈತಿ, ನಿಮಗ ತಾಯಿ ಇಲ್ಲೇನು... ಹೀಗೆ ಒಂದರ ಹಿಂದೊಂದು. ಹಾಲಿಗೆ ಬಂದಿದ್ದ ಜನ ನಿಂತು ನೋಡತೊಡಗಿದರು. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಒಳಗಿನಿಂದ ಒಬ್ಬ ಸಾಹೇಬ ಬಂದು ಗದರಿದ. ಅವ್ವ ಇನ್ನೂ ಜೋರು ಮಾಡಿದಳು. ಕರ್ಫ್ಯೂ ಹೊತ್ತಾಗುವವರೆಗೆ ಒದರಿ, ಬುತ್ತಿ ಸಮೇತ ತಿರುಗಿ ಬಂದೆವು.

ಮರುದಿನವೂ ಹೋದಳು. ಆ ದಿನ ಗೇಟಿನಲ್ಲಿದ್ದವನು ಬೇರೆ, ನಡುವಯಸ್ಸಿನ ಪೇದೆ. ಹೋಟೆಲುಗಳೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ ಅವನೂ ಹೊಟ್ಟೆಗಿಲ್ಲದೆ ಸೊರಗಿದ್ದ. ಅವ್ವ ಜಗಳದ ನಡುವೆಯೇ ಎರಡು ರೊಟ್ಟಿ ತೆಗೆದು, “ಮೊದ್ಲ ನೀ ತಿನ್ನೋ ಯಪ್ಪಾ” ಎಂದು ಅವನ ಕೈಗಿಟ್ಟು ಮತ್ತೆ ಬೈಗುಳ ಮುಂದುವರಿಸಿದಳು. ಅವನು ತಿಂದ. ತಿಂದ ಮೇಲೆ ಆಚೀಚೆ ನೋಡಿ, “ಒಳಗ ಯಾರೂ ಇಲ್ಲಬೇ... ಇರ್ಲಿ, ಕೊಡು” ಎಂದು ಬುತ್ತಿ ಒಯ್ದ. “ಅರಿವಿ ತಿರುಗಿ ಬೇಕು ನನಗ, ವ್ಯಾಪಾರದ ಅರಿವಿ ಅದು” ಎಂದು ಅವ್ವ ಹಿಂದಿನಿಂದ ಕೂಗಿದಳು. ಮತ್ತೊಂದು ಅರಿವೆಯ ಖರ್ಚಿಗೆ ಅವಳು ಸಿದ್ಧಳಿರಲಿಲ್ಲ ಎಂಬುದೇ ಖರೆ. ಬಹಳ ಹೊತ್ತಿನ ಮೇಲೆ ಅವನು ಅರಿವೆಯನ್ನು ಮುದ್ದೆ ಮಾಡಿ ತಂದುಕೊಟ್ಟ.

ಮನೆಗೆ ಬಂದು ಝಾಡಿಸಲು ಅರಿವೆ ಬಿಚ್ಚಿದರೆ ಮೂಲೆಯಲ್ಲಿ ಒಂದು ಸಣ್ಣ ಗಂಟು. ಅವ್ವ ಹಲ್ಲಿನಿಂದ ಬಿಚ್ಚಿದಳು. ಒಳಗೆ ಅಂಗಿಯ ಒಂದು ಗುಂಡಿ, ಹಸಿರು ದಾರ ಹಾಗೇ ಇತ್ತು. ನೀಲಿ ಅಂಗಿಗೆ ನೀಲಿ ದಾರ ಸಿಗಲಿಲ್ಲವೆಂದು ಅಮ್ಮಿ ಹಸಿರಿನಲ್ಲಿ ಹಚ್ಚಿದ್ದಳು, ಅಣ್ಣ ಅದಕ್ಕೆ ಮುಖ ಊದಿಸಿಕೊಂಡಿದ್ದ. ಅಮ್ಮಿ ಅದನ್ನು ಕಣ್ಣಿಗೊತ್ತಿಕೊಂಡು ಅತ್ತ ಅಳುವಿನಲ್ಲಿ ನೋವಿಗಿಂತ ಬೇರೆ ಏನೋ ಇತ್ತು. ಜೀವ ಇದೆ, ಮತ್ತು ಎಲ್ಲಿದೆ ಎಂದು ಗೊತ್ತಾಯಿತು.

ಮುಂದೊಂದು ದಿನ ನಾನು ಅಣ್ಣನನ್ನು ಕೇಳಿದೆ, ಗುರುತು ಸಿಗಲೆಂದು ಎಷ್ಟು ಯೋಚನೆ ಮಾಡಿ ಕಟ್ಟಿದೆಯೋ ಎಂದು. ಅವನು ನಕ್ಕ. “ಯೋಚನಿ ಎಲ್ಲೀದವಾ? ಅವ್ವನ ಅರಿವಿ ಖಾಲಿ ಹೆಂಗ ಕಳಿಸೂದು? ಕೈಯಾಗ ಬ್ಯಾರೆ ಏನೂ ಇರಲಿಲ್ಲ.” ಮೈಯೆಲ್ಲ ಬಾಸುಂಡೆ ಎದ್ದ ಹುಡುಗನಿಗೆ ಅಲ್ಲಿಯೂ ರೂಢಿ ತಪ್ಪುವ ಚಿಂತೆ! ಇನ್ನು ಆ ಪೇದೆ. ಗಂಟು ಅವನ ಕಣ್ಣಿಗೆ ಬೀಳದಷ್ಟು ಸಣ್ಣದಾಗಿರಲಿಲ್ಲ. ಅವನೂ ಯಾವುದೋ ಹಳ್ಳಿಯ ಮನೆಯಲ್ಲಿ ಹುಟ್ಟಿದವನು, ಕಂಡೂ ಸುಮ್ಮನಿದ್ದನೇನೋ... ಹಾಗಿದ್ದರೆ ಅವನಿಗೂ ಒಳ್ಳೆಯದಾಗಲಿ.

ಅವ್ವ ವಕೀಲರ ಜೊತೆ ಧಾರವಾಡದ ಕೋರ್ಟಿಗೆ ಬಂದಳು. ಬುತ್ತಿ ಕೊಟ್ಟಿದ್ದು, ಅರಿವೆ ತಿರುಗಿ ಬಂದಿದ್ದು, ಅದರಲ್ಲಿ ಗುಂಡಿ ಇದ್ದದ್ದು, ಎಲ್ಲವನ್ನೂ ಹೇಳಿ ಹೆಬ್ಬೆಟ್ಟು ಒತ್ತಿದಳು. ಅವಳ ಬಳಗದವರೇ ಕೆಲವರು, ಸಾಬರ ಉಸಾಬರಿ ನಿನಗೇಕೆ ಎಂದು ಬೈದರು. ಎರಡು ಖಾನಾವಳಿಯವರು ರೊಟ್ಟಿ ತರಿಸುವುದನ್ನೇ ನಿಲ್ಲಿಸಿದರು. ಅವ್ವ ಆ ಮಾತನ್ನು ನಮಗೆ ಹೇಳಲೇ ಇಲ್ಲ, ಮಗಳಿಂದ ನಮಗೆ ತಿಳಿದದ್ದು. ಅಣ್ಣ ಠಾಣೆಯಿಂದ ಹೊರಬೀಳುವವರೆಗೆ ದಿನಾ ಬೆಳಿಗ್ಗೆ ಬುತ್ತಿ ಒಯ್ದಳು, ದಿನಾ ಗೇಟಿನಲ್ಲಿ ಒದರಿದಳು. ಈಗ ಬುತ್ತಿ ತಗೊಳ್ಳುತ್ತಾರಲ್ಲ, ಇನ್ನೇಕೆ ಜಗಳ ಎಂದು ನಾನೇ ಒಮ್ಮೆ ಕೇಳಿದೆ. ಸಿಟ್ಟು ಇನ್ನೂ ಐತಿ ಎಂದಳು.

ಪೊಲೀಸರು ಕೊನೆಗೆ ಅಣ್ಣನನ್ನು, ಕೋರ್ಟಿಗೆ ತಂದ ದಿನವೇ ಹಿಡಿದಂತೆ ಕಾಗದದಲ್ಲಿ ತೋರಿಸಿ, ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಾಯಿತು. ಕೆಲವು ದಿನಗಳಲ್ಲಿ ಜಾಮೀನಿನ ಮೇಲೆ ಮನೆಗೆ ಬಂದ. ಅವನ ಮೇಲೆ ಹೂಡಿದ್ದ ಮೊಕದ್ದಮೆ ವರ್ಷಗಟ್ಟಲೆ ನಡೆದು ಬಿದ್ದುಹೋಯಿತು. ಅವನ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ, ತಂತಿ ಸುತ್ತುವ ಕೆಲಸ ಬಿಟ್ಟು ಸ್ಟೇಷನ್ ಹತ್ತಿರ ಸಣ್ಣ ಅಂಗಡಿ ಇಟ್ಟ. ಹೊಡೆದವರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಈ ಮಾತು ಬರೆಯುವಾಗ ನನ್ನ ಮೈ ಈಗಲೂ ಉರಿಯುತ್ತದೆ.

ಅಣ್ಣ ಮನೆಗೆ ಬಂದ ವಾರದಲ್ಲೇ ಅವ್ವ ಬಚ್ಚಲ ನೀರಿನ ಜಗಳ ಮತ್ತೆ ತೆಗೆದಳು. ನಮ್ಮ ಮನೆಯ ಚಹಾ ಕೊನೆಯವರೆಗೂ ಕುಡಿಯಲಿಲ್ಲ. ಹರೆಯದಲ್ಲಿ ನನಗೆ ಅದು ಚುಚ್ಚುತ್ತಿತ್ತು, ಇಷ್ಟೆಲ್ಲ ಮಾಡಿದವಳಿಗೆ ಒಂದು ಗುಟುಕು ಚಹಾ ಭಾರವೇ ಎಂದು. ಅಮ್ಮಿ ಮಾತ್ರ, “ನನ್ನ ಮಗನ್ನ ಉಳಿಸಿಕೊಟ್ಟಾಳ, ಚಾ ಕುಡೀದಿದ್ರ ಬಿಡು” ಎನ್ನುತ್ತಿದ್ದಳು. ಈಗ ನನಗೂ ಅಮ್ಮಿಯ ವಯಸ್ಸಾಗಿದೆ. ಮನುಷ್ಯರಲ್ಲಿ ಎರಡೂ ಇರುತ್ತವೆ ಎಂದು ಒಪ್ಪಿಕೊಂಡಿದ್ದೇನೆ.

ಅವ್ವ ಕಡೆಯ ವರ್ಷಗಳನ್ನು ಮಗಳು ಅಳಿಯನ ಜೊತೆ ಸುಳ್ಳದಲ್ಲಿ ಕಳೆದಳು. ಮೊಮ್ಮಕ್ಕಳ ಮೇಲೆ ಒದರುತ್ತ ಸುಖವಾಗಿದ್ದಳು. ಈ ಬೇಸಿಗೆಯಲ್ಲಿ ತೀರಿಕೊಂಡಳು. ಅಬ್ಬಾ, ಅಮ್ಮಿ ಅವಳಿಗಿಂತ ಮೊದಲೇ ಹೋಗಿದ್ದರು. ಅಣ್ಣನೂ ನಾನೂ ಮಣ್ಣಿಗೆ ಹೋದೆವು. ಅಣ್ಣ ಎಡಗೈಯಿಂದ ಮೂರು ಹಿಡಿ ಮಣ್ಣು ಹಾಕಿದ. ಅಲ್ಲಿ ಯಾರೂ ಅವನನ್ನು ಯಾರೆಂದು ಕೇಳಲಿಲ್ಲ, ಅವಳ ಬಾಯಿಂದ ಎಲ್ಲರೂ ಕೇಳಿಯೇ ಇದ್ದರು.

ಆ ಗುಂಡಿಯ ಮಾತೊಂದು ಬಿಟ್ಟರೆ ಠಾಣೆಯೊಳಗಿನ ಆ ದಿನಗಳ ಬಗ್ಗೆ ಅಣ್ಣ ನಮಗೆ ಯಾರಿಗೂ ಏನೂ ಹೇಳಿದವನಲ್ಲ. ಅವತ್ತು ಮಣ್ಣು ಮುಗಿಸಿ ಹುಬ್ಬಳ್ಳಿಯ ಬಸ್ಸಿಗೆ ಕಾಯುತ್ತ ಕೂತಾಗ ತಾನಾಗಿಯೇ ಬಾಯಿಬಿಟ್ಟ.

“ಅವ್ವ ಗೇಟಿನ್ಯಾಗ ಒದರಾಕತ್ಲಂದ್ರ ಒಳಗ ನನ್ನ ಹೊಡಿಯೂದು ನಿಲ್ಲಸ್ತಿದ್ರು. ಹೊರಗ ಮಂದಿ ಕೂಡೇತಿ, ಸಪ್ಪಳಾ ಕೇಳತೈತಿ ಅಂತ. ಆಕಿ ಜಗಳಾ ಆಡೂ ತನಕ ನನಗ ಉಸುರು. ಇನ್ನೊಂದೀಟು ಒದರವಾ, ಇನ್ನೊಂದೀಟು ಅಂತ ಒಳಗ ಬೇಡಕೋತಿದ್ನಿ.”

“ಆಕಿಗೆ ಯಾಕ ಹೇಳಲಿಲ್ಲೋ?” ಎಂದೆ.

“ಹೆಂಗ ಹೇಳ್ಲಿ? ಹೇಳಿದ್ರ, ಗೇಟಿನಿಂದ ಅಷ್ಟ ಲಗೂ ನಾ ಯಾಕ ಎದ್ದು ಬಂದೆ ಅಂತ ಸಾಯೂ ತನಕ ಹಳಹಳಿಸ್ತಿದ್ಲು.”

ಬಸ್ಸು ಬಂತು. ಅವ್ವನ ರೊಟ್ಟಿಗೆ, ಅವಳು ಹೇಳಿದ ಸಾಕ್ಷಿಗೆ ನಾವೆಲ್ಲ ಬದುಕಿಡೀ ಉಪಕಾರ ನೆನೆದೆವು, ಅವಳ ಮುಂದೆಯೂ ಹೇಳಿದೆವು. ಅಣ್ಣನ ಜೀವ ಕಾದಿದ್ದ ಆ ಜಗಳಕ್ಕೆ ಮಾತ್ರ ನಾನು ಒಂದು ಸಲವೂ ಕೈಮುಗಿದಿಲ್ಲ. ಈಗ ಮುಗಿಯುತ್ತೇನೆ, ಬೈಯಲು ಅವಳಿಲ್ಲ.