ಹಾಳು ಪ್ಯಾಟ್ಯಾಗ ನನ್ನ ವ್ಯಾಪಾರ

ಸಾವಿರಾರು ವರ್ಷದಿಂದ ಬಂದ್ ಆಗಿದ್ದ ಪ್ಯಾಟಿ ಒಂದನ್ನ ಮತ್ತ ತೆರದಾಂವ ನಾನು. ಸುಳ್ಳು ಅನ್ನಾಕ ಅವತ್ತ ನನ್ನ ಜೋಡಿ ಇದ್ದಾವ್ರು ಯಾರೂ ಈಗ ಉಳದಿಲ್ಲ.

ಅರಬರ ದೇಶಕ್ಕ ಗೌಂಡಿ ಕೆಲಸಕ್ಕ ಹೋಗಿದ್ದೆ. ಒಂದು ಸೂಟಿ ದಿನ ಮರಳುಗಾಡಿನ ಹಾಳೂರು ನೋಡಾಕ ಹೋದ್ವಿ. ನಡುವ ಒಂದು ಒರತಿ, ಸುತ್ತ ಖರ್ಜೂರದ ಗಿಡ, ಆಚೆ ಕಣ್ಣು ಹರಿಯೋತನಕ ಕಲ್ಲಿನ ಕಂಬ. ಹಿಂದಕ ಒಂಟಿ ಮ್ಯಾಲೆ ಸರಕು ತಂದು ಮಾರೋ ದೊಡ್ಡ ಪ್ಯಾಟಿ ಅಂತ ಅದು. ನನಗ ಹಸಿವಾಗಿತ್ತು. ಒಂದು ಮುರಕ ಅಂಗಡಿ ಕಟ್ಟಿ ಮ್ಯಾಲೆ ಕುಂತು, ನಮ್ಮೂರು ಮುಶಿಗೇರಿಯಿಂದ ಒಯ್ದಿದ್ದ ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ ಬಿಚ್ಚಿದೆ.

ಕಾವಲುಗಾರ ಬಡಿಗಿ ಹಿಡಕೊಂಡು ಒದರಕೋತ ಬಂದ. ಅಲ್ಲಿ ಕುಂಡ್ರೂದು ಗುನ್ಹೆ. ಹಿಡದು ಕೊಟ್ಟಿದ್ರ ನನ್ನ ನೌಕರಿನ ಹೋಗತಿತ್ತು. ಅವನ ಮಾತು ನನಗ ತಿಳೀವಲ್ದು, ನನ್ನದು ಅವಗ ತಿಳೀವಲ್ದು. ಅರ್ಧ ರೊಟ್ಟಿಗೆ ಚಟ್ನಿ ಹಚ್ಚಿ ಕೊಟ್ಟೆ. ಕಟಮ್ ಅಂತ ಕಡದ. ಖಾರಕ್ಕ ಕಣ್ಣಾಗ ನೀರು ಬಂತು, ಆಮ್ಯಾಲೆ ನಕ್ಕ, ನನ್ನ ಉಡಿ ತುಂಬ ಖರ್ಜೂರ ಸುರವಿದ. ಸರಕಿಗೆ ಸರಕು ಕೊಟ್ಟು ತಗೊಂಡ್ವಿ, ಪ್ಯಾಟಿ ಮತ್ತ ಸುರು ಆತಲ್ಲ!

ನಮ್ಮ ಮನಿ ಕಟ್ಟಿ ಮ್ಯಾಲೆ ಈ ಕತಿ ಕೇಳಾಕ ಕುಂತಾವ್ರು "ಭಲೇ ಅಜ್ಜಾ!" ಅಂದ್ರು. ಅಷ್ಟರಾಗ ಒಳಗಿಂದ ನನ್ನ ಹೆಂಡತಿ ಅಂದ್ಲು: "ಆ ರೊಟ್ಟಿ ಗಂಟು ಇಲ್ಲೇ ಗೂಟಕ್ಕ ತೂಗಹಾಕಿ ಮರತು ಹೋಗಿದ್ರಿ. ಎಲ್ಲಾ ನಾನ ತಿಂದು ಮುಗಿಸಿದೆ."

ನಾ ಮೀಸಿ ಒರಸಿಕೊಂಡು ಅಂದೆ, "ಹೌದೇನು? ಹಂಗಾರ ಖರ್ಜೂರ ಅಂವ ಪುಕ್ಕಟ್ಟೆ ಕೊಟ್ಟಾನ ಬಿಡು."